ತಲೆ ಕಡೆ ನಿಂತವಳು

ಜೂನ್ ೯

ದೊಡ್ಡಮ್ಮನಿಗೆ,

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸಿದರೆ ಬೈದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೆಲಸದ ವಿಷಯ.

ನಮ್ಮ ಕಚೇರಿಯಲ್ಲಿ ಕಾನೂನುಗಳ ಕರಡು ಬರೆಯುತ್ತಾರೆ ಅಂತ ನಿನಗೆ ಗೊತ್ತಲ್ಲ. ಈಗ ಬಂದಿರುವುದು ಆಸ್ಪತ್ರೆಗಳದ್ದು. ಸದ್ಯಕ್ಕೆ ಇರುವ ಪದ್ಧತಿ ಹೀಗೆ: ಚಿಕಿತ್ಸೆಯಲ್ಲಿ ತಪ್ಪಾದರೆ ಒಂದು ಸಮಿತಿ ಕೂತು ಎಲ್ಲರನ್ನೂ ಕರೆದು ಕೇಳುತ್ತದೆ, ಆಸ್ಪತ್ರೆಯೇ ಉತ್ತರ ಕೊಡಬೇಕು. ಚಿಕಿತ್ಸೆ ಅಲ್ಲದ ಕೆಲಸದಲ್ಲಿ ತಪ್ಪಾದರೆ ಯಾರ ಕೈಯಿಂದ ಆಯಿತೋ ಅವರ ತಲೆಗೆ. ಆದರೆ ಚಿಕಿತ್ಸೆ ಎಂದರೆ ಯಾವುದು ಅಂತ ಯಾರೂ ಬರೆದಿಟ್ಟಿಲ್ಲ. ಒಬ್ಬ ಅಜ್ಜಿ ಟ್ರಾಲಿಯಿಂದ ಬಿದ್ದದ್ದು ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಆರು ವರ್ಷ ವಾದ ನಡೆಯಿತು. ತೀರ್ಪು ಬರುವಷ್ಟರಲ್ಲಿ ಅಜ್ಜಿಯೇ ಇರಲಿಲ್ಲ.

ಅರ್ಥ ಸ್ಪಷ್ಟ ಮಾಡುವ ಎರಡನೇ ಕಲಮನ್ನು ನನ್ನ ಮೇಜಿಗೆ ಹಾಕಿದ್ದಾರೆ. ನಮ್ಮ ಮೇಲಧಿಕಾರಿ ಬರೆದಿರುವ ಸಾಲು ಇದು: "ರೋಗಿಯನ್ನು ಎತ್ತುವುದು, ಹೊರಳಿಸುವುದು, ಸಾಗಿಸುವುದು, ತೊಳೆಯುವುದು, ಉಣಿಸುವುದು ಚಿಕಿತ್ಸೆಯಲ್ಲಿ ಸೇರತಕ್ಕದ್ದಲ್ಲ." ನೀನು ಮೂವತ್ತೆಂಟು ವರ್ಷ ಮೂಳೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ಈ ಸಾಲು ಸರಿಯೇ? ರೋಗಿಯನ್ನು ಎತ್ತುವುದು ಹೇಗೆ ಅಂತ ನಿನ್ನ ಮಾತಿನಲ್ಲೇ ಬರೆದು ಕಳಿಸುತ್ತೀಯಾ?

ಅಮ್ಮನನ್ನು ಕೇಳಬಹುದಿತ್ತು, ಅವಳೂ ಅಲ್ಲೇ ಆಯಾ ಆಗಿದ್ದವಳು. ಆಸ್ಪತ್ರೆಯ ಮಾತೆತ್ತಿದರೆ ಅವಳು ಎದ್ದು ಹೋಗುತ್ತಾಳೆ. ಈಗ ಏಳುವುದೂ ಕಷ್ಟ, ಮೊಣಕಾಲು ತೀರ ಕೆಟ್ಟಿದೆ. ಆಪರೇಷನ್ ಆಗಲೇಬೇಕು ಅನ್ನುತ್ತಿದ್ದಾರೆ.

ನಿನ್ನ ಗುಬ್ಬಿ


ಜೂನ್ ೧೪

ಗುಬ್ಬಿ,

ನಾನಿಲ್ಲಿ ಚೆನ್ನಾಗಿದ್ದೇನೆ ಅಂತ ಶುರು ಮಾಡಬೇಕಂತೆ. ಚೆನ್ನಾಗಿಲ್ಲ. ಸೊಂಟ ಹಿಡಿದುಕೊಂಡಿದೆ. ಕೆಳಗಿನ ದರ್ಜಿಯ ಮಿಷನ್ನು ಬೆಳಗಿನಿಂದ ಕಟಕಟ ಅನ್ನುತ್ತಿದೆ. ನಿನ್ನ ಕಾಗದ ಓದಿ ತಲೆಯೂ ಕೆಟ್ಟಿದೆ.

ಆ ಸಾಲು ಬರೆದ ಮಹಾನುಭಾವನ ಸೊಂಟ ಮುರಿಯಲಿ ಅಂತ ನಾನು ಹೇಳುವುದಿಲ್ಲ. ಮುರಿದರೆ ಮಾತ್ರ ಒಂದು ವಾರ ನಮ್ಮ ವಾರ್ಡಿಗೆ ಹಾಕು. ಡಾಕ್ಟರು ಬೆಳಿಗ್ಗೆ ಬಂದು ಎರಡು ನಿಮಿಷ ನಿಂತು ಹೋಗುತ್ತಾರೆ. ಉಳಿದ ಹೊತ್ತು ಅವನನ್ನು ಹೊರಳಿಸುವವರು ಯಾರು? ಬೆನ್ನಿಗೆ ಹುಣ್ಣಾದ ಮೇಲೆ ಮುಲಾಮು ಹಚ್ಚಿದರೆ ಚಿಕಿತ್ಸೆ, ಹುಣ್ಣೇ ಆಗದ ಹಾಗೆ ನೋಡಿಕೊಂಡರೆ ಕೂಲಿ. ಚೆನ್ನಾಗಿದೆ ನಿಮ್ಮ ಕಾನೂನು. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ನನಗೇ ಇಷ್ಟು ಗೊತ್ತಾಗುತ್ತದೆ.

ಎತ್ತುವುದು ಹೇಗೆ ಅಂತ ಕೇಳಿದ್ದೀಯ. ಬರೆದುಕೋ.

ರೋಗಿಯನ್ನು ಕೈಯಿಂದ ಎತ್ತಬಾರದು. ಅವನ ಕೆಳಗಿರುವ ಬಟ್ಟೆಯಿಂದ ಎತ್ತಬೇಕು. ದಪ್ಪ ಹತ್ತಿಯ ಬಟ್ಟೆ, ಎರಡು ಮಡಿಕೆ. ಅಂಚನ್ನು ಸುರುಳಿ ಸುತ್ತಿ ಮುಷ್ಟಿ ಅವನ ಮೈಗೆ ತಗಲುವಷ್ಟು ಹತ್ತಿರ ಹಿಡಿಯಬೇಕು. ದೂರ ಹಿಡಿದರೆ ಬಟ್ಟೆ ತೊಟ್ಟಿಲಾಗುತ್ತದೆ, ಮುರಿದ ಮೂಳೆ ಅದರಲ್ಲಿ ಬಾಗುತ್ತದೆ. ನಾಲ್ಕು ಜನ ಬೇಕು. ತಲೆ ಕಡೆ ಒಬ್ಬಳು, ಕಾಲು ಕಡೆ ಒಬ್ಬಳು, ಪಕ್ಕಕ್ಕೆ ಇಬ್ಬರು. ಟ್ರಾಲಿಯ ಗಾಲಿಗೆ ಬ್ರೇಕು ಹಾಕಿದೆಯೇ ಅಂತ ಕಾಲಿಂದ ಒದ್ದು ನೋಡಬೇಕು, ಕಣ್ಣಿಂದಲ್ಲ. ಎಣಿಸುವುದು ತಲೆ ಕಡೆ ನಿಂತವಳು. ಬೇರೆ ಯಾರೂ ಬಾಯಿ ಬಿಡಬಾರದು, ಸೀನು ಬಂದರೂ ನುಂಗಿಕೊಳ್ಳಬೇಕು. ಒಂದು, ಎರಡು, ಮೂರು. ಅಷ್ಟರಲ್ಲಿ ಎಂಟು ಕೈ ಒಂದೇ ಕೈ ಆಗಿರಬೇಕು.

ರೋಗಿಗೆ ಏನಾದರೂ ಹೇಳುತ್ತಿರಬೇಕು. ನಾನು ಬೈಯುತ್ತಿದ್ದೆ. "ಉಸಿರು ಬಿಗಿ ಹಿಡೀಬೇಡ್ರೀ, ನಾನೇನು ನಿಮ್ಮನ್ನ ಬಾವಿಗೆ ಹಾಕ್ತೀನಾ?" ನಕ್ಕರೆ ಮೈ ಸಡಿಲ ಆಗುತ್ತದೆ. ಅದೂ ಚಿಕಿತ್ಸೆ ಅಲ್ಲ ಅಂತ ಬರೆದುಕೊಳ್ಳಿ.

ಇಷ್ಟು ಸಾಕು. ನಿಮ್ಮಮ್ಮನಿಗೂ ಇದೆಲ್ಲ ಗೊತ್ತು. ಕೇಳಬೇಡ.

ದೊಡ್ಡಮ್ಮ


ಜುಲೈ ೨

ದೊಡ್ಡಮ್ಮ,

ನಿನ್ನ ಕಾಗದವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ, ಸೊಂಟ ಮುರಿಯುವ ಮಾತೊಂದನ್ನು ಬಿಟ್ಟು. ಮೇಲಧಿಕಾರಿ ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಸರಿಯಮ್ಮಾ, ಎಂಟು ಕೈ ಒಂದೇ ಕೈ ಆಗ್ಬೇಕು ಅಂತಾರೆ. ಆಗ್ಲಿಲ್ಲ ಅಂದ್ರೆ? ಯಾರನ್ನ ಕೇಳ್ಬೇಕು? ಕೈ ಜಾರಿದವರನ್ನೋ, ಎಣಿಸಿದವರನ್ನೋ?" ಅಂದರು. ಆ ಪ್ರಶ್ನೆಯನ್ನು ನಿನಗೇ ಕಳಿಸುತ್ತಿದ್ದೇನೆ.

ನೀನು ಬೇಡವೆಂದರೂ ಅಮ್ಮನನ್ನು ಕೇಳಿಬಿಟ್ಟೆ. ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. "ಅದನ್ನ ನಿಮ್ಮ ದೊಡ್ಡಮ್ಮನ್ನೇ ಕೇಳು. ಅವಳಿಗೆ ಚೆನ್ನಾಗಿ ಗೊತ್ತು" ಅಂದಳು. ಆಮೇಲೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ನನಗೆ ಹನ್ನೆರಡು ವರ್ಷವಿದ್ದಾಗ ಅಮ್ಮ ಆಸ್ಪತ್ರೆಯ ಕೆಲಸ ಬಿಟ್ಟಳು, ನೀನು ನಮ್ಮ ಮನೆಗೆ ಬರುವುದು ಬಿಟ್ಟೆ. ಎರಡೂ ಒಂದೇ ತಿಂಗಳು. ಆಗ ಕೇಳಿದರೆ ಇಬ್ಬರೂ ನನಗೆ ಬಿಸ್ಕತ್ತು ಕೊಟ್ಟಿರಿ.

ಆಗಸ್ಟ್ ೨೧ರಂದು ಸದನದ ಸಮಿತಿ ಸಾರ್ವಜನಿಕರ ಮಾತು ಕೇಳುತ್ತದೆ. ಖಾಸಗಿ ಆಸ್ಪತ್ರೆಗಳ ಸಂಘದವರು ಆ ಸಾಲು ಹಾಗೇ ಇರಲಿ ಅಂತ ವಕೀಲರನ್ನು ಕಳಿಸುತ್ತಾರೆ. ಆಯಾಗಳ ಪರವಾಗಿ ಒಬ್ಬರ ಹೆಸರೂ ಬಂದಿಲ್ಲ. ನೀನು ಬರುತ್ತೀಯಾ?

ಗುಬ್ಬಿ


ಜುಲೈ ೭

ಗುಬ್ಬಿ,

ಬರುವುದಿಲ್ಲ. ಮೈಕು ಹಿಡಿದು ಮಾತಾಡುವ ಚಟ ನನಗಿಲ್ಲ. ನಿಮ್ಮ ಸಾಹೇಬರ ಪ್ರಶ್ನೆಗೆ ಉತ್ತರ ಕೊಡಲು ಸಂಬಳ ತೆಗೆದುಕೊಳ್ಳುವವರು ನೀವು. ನನ್ನನ್ನು ಬಿಟ್ಟುಬಿಡು.

ನಿಮ್ಮಮ್ಮನ ಮೊಣಕಾಲಿಗೆ ಬಿಸಿನೀರಿನ ಕಾವು ಕೊಡು. ನಾನು ಹೇಳಿದೆ ಅನ್ನಬೇಡ.

ದೊಡ್ಡಮ್ಮ


ಜುಲೈ ೩೦

ಗುಬ್ಬಿ,

ನೀನು ಮತ್ತೆ ಬರೆಯಲಿಲ್ಲ. ಬರೆದಿದ್ದರೆ ಇನ್ನೊಂದು ಸಲ ಬೈದು ಸುಮ್ಮನಾಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಪ್ಪತ್ತು ದಿನದಿಂದ ಹೆಗಲು ಮುಟ್ಟಿಕೊಳ್ಳುತ್ತ ಕೂತಿದ್ದೇನೆ.

ಬಿಸ್ಕತ್ತಿನ ಜೊತೆ ನಿನಗೆ ಕೊಟ್ಟದ್ದು ಸುಳ್ಳು. ನಿಮ್ಮಮ್ಮ ಕೆಲಸ ಬಿಡಲಿಲ್ಲ, ಅವಳನ್ನು ತೆಗೆದರು. ತೆಗೆಯುವಾಗ ನಾನು ಅದೇ ಕೋಣೆಯಲ್ಲಿದ್ದೆ.

ಅವಳು ಬಾಣಂತಿಯರ ವಾರ್ಡು, ನಾನು ಮೂಳೆ ವಾರ್ಡು. ಆ ದಿನ ನಮ್ಮಲ್ಲಿ ನಾಲ್ವರು ಇರಬೇಕಾದ ಕಡೆ ಇದ್ದದ್ದು ನಾನೊಬ್ಬಳು. ಇಬ್ಬರು ರಜೆ, ಒಬ್ಬಳನ್ನು ಎಕ್ಸ್-ರೇಗೆ ಕಳಿಸಿದ್ದರು. ತೊಡೆಗೆ ರಾಡು ಹಾಕಿದ್ದ ಒಬ್ಬ ಮೇಷ್ಟ್ರನ್ನು ಮಂಚದಿಂದ ಟ್ರಾಲಿಗೆ ಹಾಕಬೇಕಿತ್ತು. ನರ್ಸಮ್ಮ ಅವಸರ ಮಾಡುತ್ತಿದ್ದಳು. ಆ ಕಡೆ ವಾರ್ಡಿಂದ ಯಾರನ್ನಾದರೂ ಕರೆಯಿರಿ ಅಂದೆ. ನಿಮ್ಮಮ್ಮ ಬಂದು ಕಾಲು ಕಡೆ ನಿಂತಳು, ನಾನು ತಲೆ ಕಡೆ.

ಈಗ ಒಂದು ವಿಷಯ ತಿಳಿದುಕೋ. ನಮ್ಮ ವಾರ್ಡಿನಲ್ಲಿ ಮೂರು ಅನ್ನುವಾಗಲೇ ಎತ್ತುತ್ತೇವೆ. ಬಾಣಂತಿಯರ ವಾರ್ಡಿನಲ್ಲಿ ಹಾಗಲ್ಲ. ಅಲ್ಲಿ ಒಂದು, ಎರಡು, ಮೂರು, ಹಾಂ. ಎತ್ತುವುದು ಹಾಂ ಅಂದಾಗ. ತಾಯಿ ಉಸಿರು ತೆಗೆದುಕೊಳ್ಳಲಿ ಅಂತ. ಎರಡೂ ಸರಿಯೇ. ಅದಕ್ಕೇ ಬೇರೆ ವಾರ್ಡಿನವರು ಬಂದರೆ, ಬಟ್ಟೆ ಹಿಡಿಯುವ ಮೊದಲು ತಲೆ ಕಡೆ ನಿಂತವಳು ಹೇಳಬೇಕು: "ಮೂರಕ್ಕೆ" ಅಥವಾ "ಮೂರಾದ ಮೇಲೆ". ಹೊಸಬರಿಗೆ ನಾನು ಮೊದಲ ದಿನ ಕಲಿಸುತ್ತಿದ್ದ ಪಾಠ ಅದು. ಮರೆತವರ ಕೈಮೇಲೆ ಹೊಡೆದಿದ್ದೇನೆ.

ಆ ದಿನ ನಾನು ಹೇಳಲಿಲ್ಲ. ಮರೆತಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಏನು ಹೇಳುವುದು ಅಂದುಕೊಂಡೆ. ಒಂದೇ ಹಾಸಿಗೆಯಲ್ಲಿ ಬೆಳೆದವರು, ಮನೆಯ ಕಬ್ಬಿಣದ ಬೀರು, ಬೀಸುವ ಕಲ್ಲು, ನಮ್ಮಪ್ಪನ ಕೊನೆಯ ಕಾಯಿಲೆ, ಎಲ್ಲ ಇಬ್ಬರೇ ಎತ್ತಿದವರು. ಅವಳ ಕೈ ನನ್ನದೇ ಕೈ ಅಂದುಕೊಂಡೆ.

ಮೂರಕ್ಕೆ ನಾನು ಎತ್ತಿದೆ. ಅವಳು ಹಾಂ ಅನ್ನುವುದಕ್ಕೆ ಕಾದಳು. ತಲೆ ಮೇಲೆ ಬಂತು, ಕಾಲು ಬರಲಿಲ್ಲ, ಮೈ ತಿರುಚಿತು. ಅವಳು ಗಾಬರಿಯಾಗಿ ಎಳೆದಳು, ಬಟ್ಟೆ ಅವಳ ಕೈಯಿಂದ ಜಾರಿತು. ಮೇಷ್ಟ್ರು ಮಂಚಕ್ಕೂ ಟ್ರಾಲಿಗೂ ನಡುವೆ ಬಿದ್ದರು. ರಾಡು ಬಾಗಿತು. ಎರಡನೇ ಸಲ ಕೊಯ್ದರು. ಆಮೇಲೆ ಆ ಮನುಷ್ಯ ನಡೆಯಲಿಲ್ಲ.

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಹತ್ತು ನಿಮಿಷದ ವಿಚಾರಣೆ. ಇದು ಚಿಕಿತ್ಸೆಯ ತಪ್ಪಲ್ಲ, ಆಯಾಗಳ ಅಜಾಗರೂಕತೆ ಅಂತ ಮೊದಲೇ ಬರೆದಿಟ್ಟಿದ್ದರು. ನಾಲ್ಕು ಜನ ಯಾಕಿರಲಿಲ್ಲ ಅಂತ ಯಾರೂ ಕೇಳಲಿಲ್ಲ. ಎಣಿಸಿದ್ದು ಯಾರು, ಏನು ಹೇಳಿ ಎಣಿಸಿದರು, ಯಾರೂ ಕೇಳಲಿಲ್ಲ. ಎತ್ತುವುದು ಒಂದು ಕೆಲಸ ಅಂತ ಅವರಿಗೆ ಗೊತ್ತಿದ್ದರೆ ತಾನೇ ಕೇಳುವುದು? "ಬಟ್ಟೆ ಯಾರ ಕೈಯಿಂದ ಜಾರಿತು?" ಇದೊಂದೇ. ನಿಮ್ಮಮ್ಮ "ನನ್ನ ಕೈಯಿಂದ" ಅಂದು ನನ್ನ ಕಡೆ ನೋಡಿದಳು.

ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರು ಇತ್ತು, ಹಿಂದಿನ ತಿಂಗಳದ್ದು. ಯಾರೂ ಹಾಳೆ ತಿರುಗಿಸಿರಲಿಲ್ಲ. ಅದನ್ನೇ ನೋಡಿದೆ.

ಯಾಕೆ ಅಂತ ಕೇಳಬೇಡ. ಕೆಲಸ ಹೋಗುತ್ತದೆ ಅನ್ನುವ ಭಯ ಒಂದು. ಮೂಳೆ ವಾರ್ಡಿನಲ್ಲಿ ನನ್ನಷ್ಟು ಚೆನ್ನಾಗಿ ಎತ್ತುವವರಿಲ್ಲ ಅನ್ನುವ ಹೆಸರು ಇನ್ನೊಂದು. ಎರಡನೆಯದೇ ದೊಡ್ಡದು. ಅವಳು ಹದಿನೇಳು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ನಿಂತುಕೊಂಡೇ ಇಸ್ತ್ರಿ ಮಾಡಿದಳು. ಅವಳ ಮೊಣಕಾಲು ಯಾಕೆ ಹಾಗಾಯಿತು ಅಂತ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು.

ನಿಮ್ಮ ಸಾಹೇಬರಿಗೆ ಹೇಳು, ಎಣಿಸಿದವರನ್ನು ಮೊದಲು ಕೇಳಬೇಕು.

ದೊಡ್ಡಮ್ಮ


ಆಗಸ್ಟ್ ೧೨

ದೊಡ್ಡಮ್ಮ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಅಮ್ಮನಿಗೆ ತೋರಿಸಿಲ್ಲ. ಅದು ನನ್ನ ಕೈಯಿಂದ ಅವಳಿಗೆ ಹೋಗಬೇಕಾದದ್ದಲ್ಲ.

ಕಚೇರಿಯ ವಿಷಯ ಮಾತ್ರ ಬರೆಯುತ್ತೇನೆ. ಈ ಕಾನೂನು ಆದರೂ ಹಿಂದೆ ನಡೆದದ್ದಕ್ಕೆ ಅನ್ವಯಿಸುವುದಿಲ್ಲ. ಜಾರಿಗೆ ಬಂದ ದಿನದಿಂದ ಮುಂದಕ್ಕೆ ಅಷ್ಟೆ. ನೀನು ಬಂದು ಏನು ಹೇಳಿದರೂ ಯಾರಿಗೂ ಕೆಲಸ ವಾಪಸ್ ಬರುವುದಿಲ್ಲ. ಇದು ನಿನಗೆ ಗೊತ್ತಿರಲಿ.

೨೧ರಂದು ಬೆಳಿಗ್ಗೆ ಹತ್ತೂವರೆಗೆ. ಮುಂದಿನ ಬಾಗಿಲಲ್ಲ, ಪಕ್ಕದ್ದು.

ಗುಬ್ಬಿ


ಆಗಸ್ಟ್ ೨೩

ತಂಗಿಗೆ,

ನಿನಗೆ ಕಾಗದ ಬರೆದು ಹತ್ತೊಂಬತ್ತು ವರ್ಷವಾಯಿತು. ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ, ಅದಕ್ಕೆ ನಡುವಿನಿಂದಲೇ ಶುರು ಮಾಡುತ್ತೇನೆ. ಹರಿದು ಹಾಕುವುದಾದರೆ ಓದಿ ಹರಿ.

ಮೊನ್ನೆ ನಿನ್ನ ಮಗಳ ಸಮಿತಿಗೆ ಹೋಗಿದ್ದೆ. ದೊಡ್ಡ ಕೋಣೆ, ಕುದುರೆ ಲಾಳದ ಹಾಗೆ ಮೇಜು, ಒಂಬತ್ತು ಜನ. ನನ್ನ ಸರದಿ ಬರುವಷ್ಟರಲ್ಲಿ ಮೂವರಿಗೆ ತೂಕಡಿಕೆ. ನನಗಿಂತ ಮೊದಲು ಆಸ್ಪತ್ರೆಗಳ ವಕೀಲ ಮಾತಾಡಿದ. ತೆಳ್ಳನೆ ಮನುಷ್ಯ, ಸಭ್ಯಸ್ಥ. "ಎತ್ತುವುದಕ್ಕೆ ವಿದ್ಯೆ ಬೇಕಾಗಿಲ್ಲ, ಬಲ ಸಾಕು. ಅದನ್ನು ಚಿಕಿತ್ಸೆ ಅನ್ನುವುದು ಗಂಟೆ ಹೊಡೆಯುವವನನ್ನು ಮೇಷ್ಟ್ರು ಅಂದ ಹಾಗೆ" ಅಂದ. ನಾಲ್ಕು ಜನ ನಕ್ಕರು.

ನಾನು ಮೈಕಿನ ಹತ್ತಿರ ಹೋಗಲಿಲ್ಲ. ನನ್ನ ಗಂಟಲಿಗೆ ಅದು ಬೇಡ. "ಬಲ ಸಾಕಾ ಸ್ವಾಮಿ? ಹಾಗಾದ್ರೆ ನೀವು ಕುರ್ಚೀಲಿ ಕೂತ್ಕೊಳ್ಳಿ. ಇಲ್ಲಿ ಇಬ್ರು ಗಟ್ಟಿಮುಟ್ಟಾದವರು ಎದ್ದು ಬನ್ನಿ" ಅಂದೆ. ಅಧ್ಯಕ್ಷರು ಬೇಡ ಅನ್ನುವರೇನೋ ಅಂತ ನೋಡಿದೆ. ಅವರಿಗೂ ಬೇಜಾರಾಗಿತ್ತು, ಆಗಲಿ ಅಂದರು. ಇಬ್ಬರು ಸದಸ್ಯರು ಬಂದು ಕುರ್ಚಿಯ ಎರಡು ಕಡೆ ಹಿಡಿದರು. ಒಬ್ಬನಿಗೆ ಕುಸ್ತಿಯವನ ತೋಳು.

ನಾನು ಎಣಿಸಿದೆ. ಒಂದು, ಎರಡು, ಮೂರು.

ಒಬ್ಬ ಮೂರಕ್ಕೆ ಎತ್ತಿದ, ಇನ್ನೊಬ್ಬ ಕಾದ. ಕುರ್ಚಿ ಓರೆಯಾಗಿ ವಕೀಲ ಕುಸ್ತಿಯವನ ಕೊರಳನ್ನು ತಬ್ಬಿಕೊಂಡ. ಕಾಗದವೆಲ್ಲ ನೆಲದ ಮೇಲೆ. ತೂಕಡಿಸುತ್ತಿದ್ದವರೂ ನಕ್ಕರು. ಅವರು ನಕ್ಕು ಮುಗಿಯುವ ತನಕ ನಾನು ಕಾದೆ.

ಆಮೇಲೆ ಹೇಳಿದೆ. "ಇವರಿಬ್ರಿಗೂ ಬಲ ಇದೆ. ಈಗ ಕುರ್ಚಿ ಯಾರ ಕೈಯಿಂದ ಓರೆ ಆಯ್ತು?" ಸಮಿತಿಯವರು ಕಾದವನ ಕಡೆ ಬೆರಳು ಮಾಡಿದರು. ಎಲ್ಲರೂ ಅವನನ್ನೇ ತೋರಿಸಿದರು, ಅಕ್ಕಪಕ್ಕ ಕೂತವರು ಸೇರಿ. "ತಪ್ಪು. ಅದು ನನ್ನ ತಪ್ಪು. ಮೂರಕ್ಕೋ, ಮೂರಾದ ಮೇಲೋ ಅಂತ ನಾನು ಮೊದಲು ಹೇಳ್ಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಥರ ಒಬ್ಬ ಮೇಷ್ಟ್ರನ್ನ ಬೀಳಿಸ್ದೆ. ನೀವೀಗ ಬೆರಳು ಮಾಡಿದ್ರಲ್ಲ, ಹಾಗೇ ಕಾದವಳ ಕಡೆ ಬೆರಳು ಮಾಡಿ ಕೆಲಸದಿಂದ ತೆಗೆದ್ರು. ಕಾದವಳು ನನ್ನ ತಂಗಿ. ಎಣಿಸಿದವಳು ನಾನು. ನಾನು ಬಾಯಿ ಬಿಡಲಿಲ್ಲ" ಅಂದೆ.

ಬರೆದುಕೊಳ್ಳುವ ಹೆಂಗಸು ಬರೆಯುವುದು ನಿಲ್ಲಿಸಿದಳು. "ಬರ್ಕೋಮ್ಮಾ" ಅಂದೆ. ಬರೆದುಕೊಂಡಳು. ಈಗ ಅದು ಸರ್ಕಾರದ ಕಾಗದದಲ್ಲಿದೆ.

ಅಧ್ಯಕ್ಷರು ಏನಾದರೂ ಕೇಳಿಕೊಳ್ಳುವುದಿದೆಯಾ ಅಂದರು. ಎತ್ತುವುದು ಒಂದು ಕೆಲಸ ಅಂತ ಬರೆಯಿರಿ, ಬರೆದರೆ ಮುಂದೆ ತಪ್ಪಾದಾಗ ಸರಿಯಾದ ಪ್ರಶ್ನೆ ಕೇಳುತ್ತಾರೆ ಅಂದೆ. ಪ್ರಶ್ನೆ ಕೇಳಿದ್ದರೆ ನಾನು ಆವತ್ತು ಉತ್ತರ ಹೇಳುತ್ತಿದ್ದೆನೋ ಏನೋ. ಅದನ್ನು ಅಲ್ಲಿ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಹೇಳುತ್ತಿದ್ದೆ ಅಂತ ಪ್ರಮಾಣ ಮಾಡಲಾರೆ.

ಕ್ಷಮಿಸು ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ ಅಂತ ನಿನಗೆ ಗೊತ್ತು. ಚಿಕ್ಕವರಿದ್ದಾಗ ನಿನ್ನ ಕೈ ಸುಟ್ಟು, ನೀನೇ ಅಡ್ಡ ಬಂದೆ ಅಂತ ಬೈದವಳು ನಾನು. ಈಗ ಅಡ್ಡ ಬಂದವಳು ನೀನಲ್ಲ.

ನಿನ್ನ ಅಕ್ಕ


ನವೆಂಬರ್ ೫

ದೊಡ್ಡಮ್ಮ,

ಮಸೂದೆ ನಿನ್ನೆ ಪಾಸಾಯಿತು. ಎರಡನೇ ಕಲಮಿನ ಸಾಲು ಈಗ ಹೀಗಿದೆ: "ರೋಗಿಯನ್ನು ಎತ್ತುವುದು, ಹೊರಳಿಸುವುದು ಮತ್ತು ಸಾಗಿಸುವುದು ಚಿಕಿತ್ಸೆಯ ಭಾಗವಾಗಿರತಕ್ಕದ್ದು." ತೊಳೆಯುವುದು, ಉಣಿಸುವುದು ಸೇರಲಿಲ್ಲ. ಎಷ್ಟು ಹೇಳಿದರೂ ಒಪ್ಪಲಿಲ್ಲ. ವಿಚಾರಣೆಯ ನಮೂನೆಯಲ್ಲಿ ಎರಡು ಹೊಸ ಪ್ರಶ್ನೆ ಬಂದಿವೆ: ಎಷ್ಟು ಜನ ಇರಬೇಕಿತ್ತು, ಎಷ್ಟು ಜನ ಇದ್ದರು. ಇನ್ನೊಂದು, ಎತ್ತುವಾಗ ಸೂಚನೆ ಕೊಟ್ಟವರು ಯಾರು. ಎರಡನೆಯದನ್ನು ನಾನೇ ಬರೆದೆ.

ನಿನ್ನ ಕಾಗದವನ್ನು ಅಮ್ಮ ಮಾತ್ರೆಯ ಡಬ್ಬಿಯಲ್ಲಿ ಇಟ್ಟಿದ್ದಾಳೆ. ದಿನಕ್ಕೆ ಮೂರು ಸಲ ಆ ಡಬ್ಬಿ ತೆಗೆಯುತ್ತಾಳೆ. ಏನು ಬರೆದಿದ್ದಾಳೆ ಅಂತ ನಾನು ಕೇಳಿಲ್ಲ.

ಗುಬ್ಬಿ


ನವೆಂಬರ್ ೯

ಗುಬ್ಬಿ,

ಉಣಿಸುವುದನ್ನು ಬಿಟ್ಟರಾ? ಗಂಟಲಿಗೆ ಸಿಕ್ಕಿ ಸತ್ತವರನ್ನು ನಾನು ನೋಡಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ. ಇರಲಿ, ಅರ್ಧ ಕೋಣೆಗಾದರೂ ಬೆಳಕು ಬಿತ್ತು. ಉಳಿದದ್ದಕ್ಕೆ ನೀನು ರಿಟೈರ್ ಆಗುವ ತನಕ ಜಗಳ ಮಾಡು.

ಇನ್ನೊಂದು ವಿಷಯ ಕೇಳಬೇಕೆಂದಿದ್ದೆ. ಬೇಡ, ಬಿಡು.

ದೊಡ್ಡಮ್ಮ


ನವೆಂಬರ್ ೨೦

ಅಕ್ಕ,

ಬೇಗ ಉತ್ತರ ಬರೆಯಲಿಲ್ಲ. ನೀನು ಹತ್ತೊಂಬತ್ತು ವರ್ಷ ತೆಗೆದುಕೊಂಡೆ, ನಾನು ಮೂರು ತಿಂಗಳು ತೆಗೆದುಕೊಂಡರೆ ಏನೂ ಮುಳುಗಿಹೋಗುವುದಿಲ್ಲ.

ಮೇಷ್ಟ್ರು ಬಿದ್ದದ್ದಕ್ಕೆ ನಾನು ನಿನ್ನ ಮೇಲೆ ಸಿಟ್ಟಾಗಿರಲಿಲ್ಲ. ಕೆಲಸ ಹೋದದ್ದಕ್ಕೂ ಅಲ್ಲ. ನನಗೂ ಬಾಯಿ ಇತ್ತು, ನಾನೂ ಕೇಳಬಹುದಿತ್ತು: ಅಕ್ಕ, ಮೂರಕ್ಕಾ, ಹಾಂ ಅಂದಾಗಾ? ಕೇಳಲಿಲ್ಲ. ಆದರೆ ಆ ಕೋಣೆಯಲ್ಲಿ ನೀನು ಗೋಡೆ ನೋಡಿದೆಯಲ್ಲ, ಅದಕ್ಕೆ. ಅಲ್ಲಿ ಏನಿತ್ತು ಅಂತ ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕ್ಯಾಲೆಂಡರು ಇತ್ತು ಅಂತ, ನಾನೇ ಕೇಳಿದ ಮೇಲೆ, ಗುಬ್ಬಿ ಈಗ ಹೇಳಿದಳು. ಕ್ಯಾಲೆಂಡರಾ?

ಸಿಟ್ಟು ಪೂರ್ತಿ ಹೋಗಿದೆ ಅಂತ ನಾನು ಬರೆಯುವುದಿಲ್ಲ. ಹೋಗಿಲ್ಲ. ಮೊದಲು ಬೆಳಿಗ್ಗೆ ಎದ್ದ ಕೂಡಲೇ ಇರುತ್ತಿತ್ತು, ಈಗ ಕಾಫಿ ಕುಡಿದ ಮೇಲೆ ಬರುತ್ತದೆ.

ಡಿಸೆಂಬರ್ ೪ರಂದು ನನ್ನ ಮೊಣಕಾಲಿನ ಆಪರೇಷನ್. ಮೂಳೆ ವಾರ್ಡು, ಎರಡನೇ ಮಹಡಿ. ಮೊನ್ನೆ ಹೋಗಿ ನೋಡಿಕೊಂಡು ಬಂದೆ. ಆಯಾಗಳೆಲ್ಲ ಚಿಕ್ಕ ಹುಡುಗಿಯರು, ಒಬ್ಬೊಬ್ಬಳು ಒಂದೊಂದು ಕಡೆಯಿಂದ ಬಂದವಳು. ಬಟ್ಟೆಯನ್ನು ದೂರ ಹಿಡಿಯುತ್ತಾರೆ. ಟ್ರಾಲಿಯ ಬ್ರೇಕನ್ನು ಕಣ್ಣಿಂದ ನೋಡುತ್ತಾರೆ.

ನೀನು ಬಾ. ಎತ್ತಲು ಹೋಗಬೇಡ, ನಿನ್ನ ಸೊಂಟಕ್ಕೆ ಆಗುವುದಿಲ್ಲ, ಆಮೇಲೆ ಇಬ್ಬರನ್ನೂ ಮಲಗಿಸಬೇಕಾಗುತ್ತದೆ. ತಲೆ ಕಡೆ ನಿಂತುಕೋ. ಅವರಿಗೆ ಮೊದಲು ಹೇಳು, ನನಗೂ ಕೇಳಿಸುವ ಹಾಗೆ ಹೇಳು. ಆಮೇಲೆ ಎಣಿಸು.

ನಿನ್ನ ತಂಗಿ